ಫೈನಲ್ ಸೋತವರಿಗೆ ಸಿಕ್ಕ ಟಿಕೆಟ್

2023ರ ಮಾರ್ಚ್ 17ರಂದು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಯಾರೂ ಊಹಿಸದ್ದು ನಡೀತು. ಒಂದನೇ ಶ್ರೇಯಾಂಕದ ಪರ್ಡ್ಯೂ ತಂಡವನ್ನು 16ನೇ ಶ್ರೇಯಾಂಕದ ಫೇರ್ಲೀ ಡಿಕಿನ್ಸನ್ 63-58ರಿಂದ ಸೋಲಿಸಿತು. ಪರ್ಡ್ಯೂ ಕಡೆ 7 ಅಡಿ 4 ಅಂಗುಲದ ಝಾಕ್ ಈಡಿ. ಎದುರಿಗಿದ್ದದ್ದು ಇಡೀ ಡಿವಿಷನ್ ಒಂದರಲ್ಲೇ ಅತಿ ಕುಳ್ಳರ ತಂಡ!

ತಮಾಷೆ ಏನಂದ್ರೆ, ಈ ಗೆದ್ದ ತಂಡ ತನ್ನ ಲೀಗ್‌ನ ಫೈನಲ್‌ನಲ್ಲಿ ಸೋತಿತ್ತು. ಹಾಗಾದ್ರೆ ಇಲ್ಲಿಗೆ ಬಂದದ್ದು ಹೇಗೆ?

ಕಾಲೇಜಲ್ಲಿ ಆಡಿದವರಿಗೆ ನಮ್ಮ ಪದ್ಧತಿ ಗೊತ್ತು. ಹತ್ತಾರು ಕಾಲೇಜುಗಳಿಂದ ಆರಿಸಿ ವಿಶ್ವವಿದ್ಯಾಲಯಕ್ಕೊಂದು ತಂಡ, ಮೊದಲು ವಲಯ ಮಟ್ಟ, ಅಲ್ಲಿ ಮೇಲೆ ಬಂದವರಿಗೆ ಅಖಿಲ ಭಾರತ ಟೂರ್ನಿ. ಕೆಲವೇ ದಿನಗಳಲ್ಲಿ ಮುಗೀತು. ಅಮೆರಿಕದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೂ ಆಟವೋ ಆಟ. ಎನ್‌ಸಿಎಎ ಎಂಬ ಸಂಸ್ಥೆ ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿದೆ. ಮೇಲಿನದ್ದರಲ್ಲೇ 350ಕ್ಕೂ ಹೆಚ್ಚು ತಂಡಗಳು. ಎಲ್ಲರೂ ಎಲ್ಲರ ಜೊತೆ ಆಡೋಕಾಗಲ್ಲ, ಅದಕ್ಕೇ ಕಾನ್ಫರೆನ್ಸ್‌ಗಳು, ಅಂದ್ರೆ ಕಾಲೇಜುಗಳೇ ಕೂಡಿ ಕಟ್ಟಿಕೊಂಡ ಲೀಗ್‌ಗಳು. ನಾವು ಓದಿನ ಬ್ರ್ಯಾಂಡ್ ಅಂದ್ಕೊಂಡಿರೋ ಐವಿ ಲೀಗ್ ಕೂಡ ಅಸಲಿಗೆ ಇಂಥದ್ದೇ ಒಂದು ಕ್ರೀಡಾ ಕೂಟ!

ಪ್ರತಿ ಕಾನ್ಫರೆನ್ಸ್‌ನ ಚಾಂಪಿಯನ್‌ಗೆ ಮಾರ್ಚ್‌ನ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. 2023ರಲ್ಲಿ 68 ಸೀಟುಗಳ ಪೈಕಿ 32 ಹೀಗೆ ತುಂಬಿದವು. ಉಳಿದ 36ನ್ನು ಸಮಿತಿ ಆರಿಸಿತು. ಸಮಿತಿಯ ಕಣ್ಣು ಬೀಳೋದು ಹೆಚ್ಚಾಗಿ ದೊಡ್ಡವರ ಮೇಲೆ. 2025ರಲ್ಲಿ ಎಸ್‌ಇಸಿ ಅನ್ನೋ ಒಂದೇ ಕಾನ್ಫರೆನ್ಸ್‌ನ 16 ತಂಡಗಳಲ್ಲಿ 14ಕ್ಕೆ ಸೀಟು ಸಿಕ್ಕಿತು. ಸಣ್ಣ ಕಾನ್ಫರೆನ್ಸ್‌ಗಳಿಗೆ ಸಾಮಾನ್ಯವಾಗಿ ಒಂದೇ ಸೀಟು. ಮೂರ್ನಾಲ್ಕು ತಿಂಗಳು ಚೆನ್ನಾಗಿ ಆಡಿ ಕೊನೇ ವಾರ ಎಡವಿದ್ರೆ, ಮನೆಗೆ.

ಫೇರ್ಲೀ ಡಿಕಿನ್ಸನ್ ಇರೋದು ಅಂಥ ನಾರ್ತ್‌ಈಸ್ಟ್ ಕಾನ್ಫರೆನ್ಸ್‌ನಲ್ಲಿ. ಹಿಂದಿನ ಸೀಸನ್‌ನಲ್ಲಿ 4 ಗೆಲುವು, 22 ಸೋಲು. ಆಮೇಲೆ ಡಿವಿಷನ್ ಎರಡರಿಂದ ಟೋಬಿನ್ ಆ್ಯಂಡರ್ಸನ್ ಕೋಚ್ ಆಗಿ ಬಂದ್ರು, ತಮ್ಮ ಹಳೇ ಆಟಗಾರರಲ್ಲಿ ಕೆಲವರನ್ನೂ ಕರೆತಂದ್ರು. ತಂಡ ಫೈನಲ್ ತಲುಪಿ, ಮೆರಿಮ್ಯಾಕ್ ಕಾಲೇಜಿಗೆ 67-66ರಿಂದ ಸೋತಿತು. ಆದರೆ ಮೆರಿಮ್ಯಾಕ್ ಡಿವಿಷನ್ ಎರಡರಿಂದ ಮೇಲೆ ಬಂದು ಅದು ನಾಲ್ಕನೇ ವರ್ಷ. ಹಾಗೆ ಬಡ್ತಿ ಪಡೆದವರು ನಾಲ್ಕು ವರ್ಷ ರಾಷ್ಟ್ರೀಯ ಟೂರ್ನಿ ಆಡುವಂತಿಲ್ಲ ಅನ್ನೋದು ಆಗಿನ ನಿಯಮ. ಕಪ್ ಮೆರಿಮ್ಯಾಕ್‌ಗೆ, ಸೀಟು ಸೋತವರಿಗೆ. ಕಾಗದದ ಮೇಲೆ ಸರಿ ಇರಬಹುದು, ಗೆದ್ದ ಹುಡುಗರ ಮುಖ ನೋಡಿ ಯಾರಾದ್ರೂ ಇದನ್ನ ನ್ಯಾಯ ಅಂತಾರಾ?

ದೊಡ್ಡವರ ಲೆಕ್ಕವೇ ಬೇರೆ. ಟಿವಿ ಹಣದ ಹಿಂದೆ ಹೋಗಿ 2024ರಲ್ಲಿ ಪ್ಯಾಕ್-12 ಕಾನ್ಫರೆನ್ಸ್‌ನ ಹತ್ತು ಸದಸ್ಯರು ಹೊರನಡೆದರು. ಪೆಸಿಫಿಕ್ ಕರಾವಳಿಯ ಸ್ಟ್ಯಾನ್‌ಫರ್ಡ್ ಈಗ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿದೆ! ಲೀಗ್ ಮ್ಯಾಚ್‌ಗೆ ದೇಶದ ಆ ತುದಿಗೆ ಹಾರಬೇಕಾದ ಹುಡುಗರು ಕ್ಲಾಸು, ಪರೀಕ್ಷೆಗಳನ್ನೂ ತೂಗಿಸಬೇಕು.

2025ರ ಜನವರಿಯಲ್ಲಿ ಎನ್‌ಸಿಎಎ, ಓದಿನ ಷರತ್ತು ಪೂರೈಸಿದವರಿಗೆ ಆ ಕಾಯುವ ಅವಧಿಯನ್ನು ಮೂರು ವರ್ಷಕ್ಕೆ ಇಳಿಸಿತು. ಇದು ಮೊದಲೇ ಇದ್ದಿದ್ರೆ 2023ರ ಆ ಸೀಟು ಬಹುಶಃ ಮೆರಿಮ್ಯಾಕ್‌ದೇ ಆಗ್ತಿತ್ತು. ಪರ್ಡ್ಯೂ ಎದುರು ಆ ಕುಳ್ಳರ ತಂಡ ಇರ್ತಾನೇ ಇರಲಿಲ್ಲ.