ಆಗಸ್ಟ್ 15 ಇದ್ದರೂ ಗೋವಾಕ್ಕೆ ಡಿಸೆಂಬರ್ 19 ಯಾಕೆ?

ಹೋಟೆಲು, ಮೀನು ವ್ಯಾಪಾರ, ಲಾರಿ, ಕಟ್ಟಡದ ಕೆಲಸ ಅಂತ ನಮ್ಮ ಕರಾವಳಿಯಿಂದ ಗೋವಾಕ್ಕೆ ಹೋಗಿ ಬರುವವರು ಬಹಳ ಮಂದಿ. ಡಿಸೆಂಬರ್ 19ರಂದು ಅಲ್ಲಿಯ ಸರಕಾರಿ ಕಚೇರಿಗೆ ಹೋದರೆ ಬಾಗಿಲು ಹಾಕಿರುತ್ತದೆ. ಊರಲ್ಲಿ ಅದು ಮಾಮೂಲಿ ದಿನ. ಅಲ್ಲಿ ‘ಗೋವಾ ವಿಮೋಚನಾ ದಿನ’ದ ರಜೆ. ಯಾಕೆ ಎಂದು ಕೇಳಿದರೆ ನಮ್ಮಲ್ಲಿ ಹಲವರಿಗೆ ಗೊತ್ತಿರೋದಿಲ್ಲ.

ಕಾರಣ ಸರಳ. 1947ರ ಆಗಸ್ಟ್ 15ರಂದು ಹೊರಟು ಹೋದದ್ದು ಬ್ರಿಟಿಷರು. ಗೋವಾದಲ್ಲಿದ್ದದ್ದು ಪೋರ್ಚುಗೀಸರು, ಅವರು ಹೋಗಲಿಲ್ಲ. ಹಾಗಾಗಿ ಗೋವಾದವರು ಮತ್ತೆ 14 ವರ್ಷ ಕಾಯಬೇಕಾಯಿತು.

ನವೆಂಬರ್ 25, 1510: ಬಿಜಾಪುರದ ಆದಿಲ್ ಶಾಹಿಗಳ ಕೈಯಿಂದ ಅಲ್ಬುಕರ್ಕ್ ಗೋವಾವನ್ನು ಕಸಿದುಕೊಂಡ ದಿನ. ನಗರದ ಮುಸ್ಲಿಮರ ಮಾರಣಹೋಮ ನಡೆಯಿತು. ಅಂದು ಸಂತ ಕ್ಯಾಥರೀನಳ ಹಬ್ಬವಾಗಿತ್ತು. ಹಳೆ ಗೋವಾದ ಸೆ ಕೆಥೆಡ್ರಲ್ ಆಕೆಯ ಹೆಸರಿನಲ್ಲಿ ಇರುವುದು ಆ ಗೆಲುವಿನ ನೆನಪಿಗೇ. ಗೆದ್ದವರು ತಮ್ಮ ದಿನವನ್ನು ಕಲ್ಲಿನಲ್ಲೇ ಉಳಿಸಿ ಹೋದರು.

ಜೂನ್ 18, 1946: ‘ಕ್ರಾಂತಿ ದಿನ’. ಅನುಮತಿ ಇಲ್ಲದೆ ಸಾರ್ವಜನಿಕ ಸಭೆ ಮಾಡುವಂತಿಲ್ಲದ ಕಾಲದಲ್ಲಿ ರಾಮಮನೋಹರ ಲೋಹಿಯಾ ಮಡಗಾಂವ್‌ನಲ್ಲಿ ಸಭೆಗೆ ಬಂದರು, ಬಂಧನಕ್ಕೊಳಗಾದರು. ಅವರನ್ನು ಗೋವಾಕ್ಕೆ ಕರೆತಂದವರು ಅಸೋಲ್ನಾದ ಡಾ. ಜೂಲಿಯಾವ್ ಮಿನೇಜಸ್. ಆ ಜಾಗ ಇವತ್ತು ಲೋಹಿಯಾ ಮೈದಾನ.

ಡಿಸೆಂಬರ್ 19, 1961: 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿ 20ಕ್ಕೂ ಹೆಚ್ಚು ಮಂದಿಯನ್ನು ಕೊಂದಿದ್ದರು. ಮಾತುಕತೆಯೂ ಫಲ ಕೊಡಲಿಲ್ಲ. ಕೊನೆಗೆ ‘ಆಪರೇಷನ್ ವಿಜಯ್’ ನಡೆಯಿತು. ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪವೂ ಆಗ ಪೋರ್ಚುಗೀಸರದ್ದೇ. ಅದನ್ನು ಬಿಡಿಸುವಾಗ ನಮ್ಮ ನೌಕಾಪಡೆಯ ಯೋಧರು ಪ್ರಾಣ ಕೊಟ್ಟರು. ಕೊನೆಯವರೆಗೂ ಹೋರಾಡಬೇಕೆಂದು ಲಿಸ್ಬನ್‌ನಿಂದ ಸಲಾಜರ್‌ನ ಆದೇಶವಿತ್ತು. ಆದರೆ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ 19ರಂದು ಶರಣಾದ. 451 ವರ್ಷಗಳ ಆಳ್ವಿಕೆ ಅಲ್ಲಿಗೆ ಮುಗಿಯಿತು.

ಜನವರಿ 16, 1967: ‘ಅಸ್ಮಿತಾಯ್ ದಿಸ್’. ಮಹಾರಾಷ್ಟ್ರಕ್ಕೆ ಸೇರಬೇಕೇ, ಬೇಡವೇ ಎಂದು ಜನಮತ ಕೇಳಿದ ದಿನ. 34,021 ಮತಗಳ ಅಂತರದಲ್ಲಿ ‘ಬೇಡ’ ಗೆದ್ದಿತು. ಕೊಂಕಣಿಗೆ ಪ್ರತ್ಯೇಕ ನೆಲೆ ಉಳಿದದ್ದು ಹೀಗೆ. ಅಕ್ಟೋಬರ್ 3ರಂದು ಬ್ಯಾರಿ ಭಾಷಾ ದಿನ ಆಚರಿಸುವ ನಮಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. 1987ರ ಮೇ 30ರಂದು ಗೋವಾ ದೇಶದ 25ನೇ ರಾಜ್ಯವಾಯಿತು.

ಪೋರ್ಚುಗಲ್‌ನ ಜನರಿಗೂ ಒಂದು ಬಿಡುಗಡೆಯ ದಿನ ಇದೆ. ಸಲಾಜರ್ ಕಟ್ಟಿದ ಸರ್ವಾಧಿಕಾರ ಉರುಳಿದ್ದು 1974ರ ಏಪ್ರಿಲ್ 25ರಂದು. ಅಲ್ಲಿ ಅದು ‘ಸ್ವಾತಂತ್ರ್ಯ ದಿನ’ದ ರಜೆ. ಗೋವಾ ಭಾರತದ್ದೆಂದು ಆ ದೇಶ ಒಪ್ಪಿ ಸಹಿ ಹಾಕಿದ್ದು ಅದೇ ವರ್ಷದ ಡಿಸೆಂಬರ್ 31ಕ್ಕೆ. ಗೋವಾವನ್ನು ಹಿಡಿದಿಟ್ಟಿದ್ದ ಸರಕಾರವೇ ತನ್ನ ಜನರನ್ನೂ ಹಿಡಿದಿಟ್ಟಿತ್ತು. ಮೊದಲು ತಪ್ಪಿಸಿಕೊಂಡದ್ದು ಗೋವಾ.

ಅಲ್ಲಿ ದುಡಿಯುವವರು ಗಮನಿಸಿ: ನೆನಪಿನ ದಿನಗಳೆಲ್ಲ ರಜಾ ದಿನಗಳಲ್ಲ. ಎರಡು ಈದ್, ಗುಡ್ ಫ್ರೈಡೇ, ಗಣೇಶ ಚತುರ್ಥಿ, ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬ ರಜಾ ಪಟ್ಟಿಯಲ್ಲಿವೆ. ಆದರೆ ಕಚೇರಿಗೆ ರಜೆ ಅಂದ ಮಾತ್ರಕ್ಕೆ ಅಂಗಡಿ, ಕಾರ್ಖಾನೆ ಕೆಲಸದವರಿಗೂ ಇದೆ ಅಂತಲ್ಲ. ಸಂಬಳ ಸಹಿತ ರಜೆಯ ಪಟ್ಟಿ ಬೇರೆ. ಪ್ರತಿ ವರ್ಷ ಸರಕಾರ ಪ್ರಕಟಿಸುತ್ತದೆ. 2023ರ ಮೇ 10ರ ಕರ್ನಾಟಕ ಚುನಾವಣೆಗೆ ನಮ್ಮ ಮತದಾರರಿಗಾಗಿ ಗೋವಾ ಸರಕಾರ ಸಂಬಳ ಸಹಿತ ರಜೆ ಘೋಷಿಸಿತ್ತು. ಗೊತ್ತಿದ್ದವರು ಊರಿಗೆ ಬಂದು ಓಟು ಹಾಕಿ ಹೋದರು. ಗೊತ್ತಿಲ್ಲದವರು ಕೇಳಲೂ ಇಲ್ಲ. ಹಾಗಾಗಿ ವರ್ಷದ ಆರಂಭದಲ್ಲೇ ಪಟ್ಟಿ ನೋಡಿಟ್ಟುಕೊಳ್ಳಿ, ಜೊತೆಗಿರುವವರಿಗೂ ತಿಳಿಸಿ.