ನಾಲ್ಕು ಕಟ್ಟು ಎಲ್ಲಿ ಹೋದವು?

ಹೋದ ತಿಂಗಳು ಚಿಕ್ಕೋಡಿಯಿಂದ ಮೊಮ್ಮಗಳು ಬಂದಿದ್ದಳು. ಎರಡನೇ ಇಯತ್ತೆ. ಲೆಕ್ಕದ ಪುಸ್ತಕ ಮುಚ್ಚಿಟ್ಟು, "ಅಜ್ಜೀ, ಇದು ನನಗ ತಿಳಿಯಂಗಿಲ್ಲ. ಲೆಕ್ಕ ಗಂಡುಹುಡುಗರಿಗೆ ಬರತೈತಿ" ಎಂದಳು. ಏಳು ವರ್ಷದ ಮಗುವಿಗೆ ಇದನ್ನು ಹೇಳಿಕೊಟ್ಟವರು ಯಾರು?

ನಾನು ಬೆಳೆದದ್ದು ನಿಪ್ಪಾಣಿಯಲ್ಲಿ. ಅವ್ವ ಬೀಡಿ ಕಟ್ಟುತ್ತಿದ್ದಳು. ಸಹಿ ಬಾರದು, ಹೆಬ್ಬೆಟ್ಟೇ. ಒಂದು ಕಟ್ಟಿಗೆ 25 ಬೀಡಿ, 40 ಕಟ್ಟಿಗೆ ಸಾವಿರ. ಮಜೂರಿ ಸಾವಿರದ ಲೆಕ್ಕದಲ್ಲಿ. ತಂಬಾಕಿನ ಘಾಟಿನಲ್ಲಿ ಕೆಮ್ಮುತ್ತ, ಐದು ವರ್ಷದ ನಾನೂ ಪಕ್ಕದಲ್ಲಿ ಕೂತು ಎಣಿಸುತ್ತಿದ್ದೆ. ನಾಲ್ಕು ಕಟ್ಟಾದರೆ ನೂರು, ಆಚೆ ಸರಿಸು.

ಒಮ್ಮೆ ಗುತ್ತಿಗೆದಾರ 36 ಕಟ್ಟು ಎಂದು ಬರೆದುಕೊಂಡ. ಅವ್ವ ಬುಟ್ಟಿ ಬಿಡಲಿಲ್ಲ. "ನಾಲ್ಕು ಕಟ್ಟು ಎಲ್ಲಿ ಹೋದವು, ಸಾಹೇಬ್ರ?" ಮತ್ತೆ ಎಣಿಸಿದರು. 40 ಇತ್ತು. ನೂರು ಬೀಡಿಯ ಮಜೂರಿ ಉಳಿಯಿತು.

ಅದೇ ಅವ್ವ ರಾತ್ರಿ ಅಣ್ಣನಿಗೆ "ಲೆಕ್ಕ ಚಲೋ ಕಲಿ" ಎನ್ನುತ್ತಿದ್ದಳು, ನನಗೆ "ರೊಟ್ಟಿ ಬಡಿ" ಎನ್ನುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ರಾಯಬಾಗ, ಅಥಣಿ, ಕಾಗವಾಡ, ನೆಂಟರ ಮನೆ ಎಲ್ಲಿದ್ದರೂ ಮಾತು ಅದೇ ಇತ್ತು.

ಈ ಮಾತು ನಿಜವೇ ಎಂದು ಪರೀಕ್ಷಿಸಿದವರಿದ್ದಾರೆ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಆರು ತಿಂಗಳ ಕೂಸಿನಿಂದ ಎಂಟು ವರ್ಷದವರೆಗಿನ 500ಕ್ಕೂ ಹೆಚ್ಚು ಮಕ್ಕಳು ಅದರಲ್ಲಿದ್ದರು. ಮಾತೇ ಬಾರದ ಕೂಸಿಗೆ ಲೆಕ್ಕದ ಪರೀಕ್ಷೆಯೇ ಎಂದು ನಗಬೇಡಿ. ಚುಕ್ಕೆಗಳ ಚಿತ್ರ ತೋರಿಸುತ್ತಾರೆ. ಚುಕ್ಕೆಗಳ ಸಂಖ್ಯೆ ಬದಲಾಗುವ ಕಡೆಗೆ ಕೂಸು ಹೆಚ್ಚು ಹೊತ್ತು ನೋಡುತ್ತದೆ. ಇದರಲ್ಲಿ ಹೆಣ್ಣು, ಗಂಡು ಸಮ. ದೊಡ್ಡ ಮಕ್ಕಳು ಎಣಿಸುವುದರಲ್ಲೂ ಸಮ.

ನನ್ನನ್ನು ಬೆಚ್ಚಿಸಿದ್ದು ಫ್ರಾನ್ಸಿನ ಸುದ್ದಿ. ಅಲ್ಲಿ 25 ಲಕ್ಷಕ್ಕೂ ಹೆಚ್ಚು ಮಕ್ಕಳ ಪರೀಕ್ಷೆಯ ಅಂಕಗಳನ್ನು ನೋಡಿ 2025ರಲ್ಲಿ ವರದಿ ಮಾಡಿದರು. ಒಂದನೇ ತರಗತಿಗೆ ಸೇರುವಾಗ ಇಬ್ಬರೂ ಹೆಚ್ಚುಕಡಿಮೆ ಸರಿಸಮ. ನಾಲ್ಕೇ ತಿಂಗಳಲ್ಲಿ ಹುಡುಗರು ಮುಂದೆ! ಈ ಅಂತರ ಬೆಳೆದದ್ದು ವಯಸ್ಸಿನ ಜೊತೆಗಲ್ಲ, ಶಾಲೆಯಲ್ಲಿ ಕಳೆದ ದಿನಗಳ ಜೊತೆಗೆ. ನಾಲ್ಕು ತಿಂಗಳಲ್ಲಿ ಬುದ್ಧಿ ಎಲ್ಲಿಗೆ ಹೋದೀತು? ಯಾವುದೋ ಮಾತು ಕಿವಿಗೆ ಬಿದ್ದಿರಬೇಕು ಎಂದೇ ನನಗನ್ನಿಸುತ್ತದೆ.

ಮೊಮ್ಮಗಳ ಮುಂದೆ ಹುಣಸೆ ಬೀಜ ಸುರಿದು, "ನೂರು ಅದಾವ. ಇಪ್ಪತ್ತೈದರ ಗುಂಪು ಮಾಡು" ಎಂದೆ. ಮೂರು ಗುಂಪು ಮಾಡಿದಳು. ನಾಲ್ಕನೆಯದು 21ಕ್ಕೇ ನಿಂತಿತು. ಎಲ್ಲವನ್ನೂ ಕಲೆಸಿ ಮತ್ತೆ ಮೊದಲಿಂದ ಎಣಿಸಿದಳು. ಮತ್ತೆ ಅಷ್ಟೇ. ಹುಬ್ಬು ಗಂಟು ಹಾಕಿ ನನ್ನ ಕಡೆ ತಿರುಗಿ, "ಅಜ್ಜೀ, ನಾಲ್ಕು ಎಲ್ಲಿ?" ಎಂದವಳೇ ನನ್ನ ಮುಷ್ಟಿ ಬಿಚ್ಚಿಸಿದಳು.