ತುಂಬಿದ ಹಗೇವು, ಆದರೂ ಬಿತ್ತನೆ

ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳಲ್ಲಿ ಯಾರಿಗಾದರೂ ನಡುಗಿಸುವ ಜ್ವರ ಬಂದರೆ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಎರಡು ಕಡೆ ರಕ್ತ ಸವರುತ್ತಾರೆ. ಒಂದು ದಪ್ಪಗೆ, ಒಂದು ತೆಳ್ಳಗೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟಾಗ, ಮಲೇರಿಯಾ ಇದ್ದರೆ, ಕೆಂಪು ಕಣದೊಳಗೆ ಸಣ್ಣ ಉಂಗುರ ಕಾಣುತ್ತದೆ. ರೋಗ ತರುವ ಆ ಜೀವಿ ಬಲಿತಿದ್ದರೆ ಅದರ ಮೈಯಲ್ಲೊಂದು ಕಂದುಗಪ್ಪು ಚುಕ್ಕಿ. ಲ್ಯಾಬಿನವರಿಗೆ ಅದು ರೋಗದ ಗುರುತು, ಅಷ್ಟೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಪದ್ಮನಾಭನ್ ಮತ್ತು ಅವರ ಬಳಗ ಆ ಚುಕ್ಕಿಯ ಹಿಂದಿನ ರಸಾಯನವನ್ನು ಎರಡು ದಶಕ ಬಿಡದೆ ಕೆದಕಿತು.

ಚುಕ್ಕಿಯ ಹೆಸರು ಹೀಮೋಝೋಯಿನ್. ಮಲೇರಿಯಾದ ಪರಾವಲಂಬಿ ನಮ್ಮ ರಕ್ತಕಣ ಹೊಕ್ಕು ಹಿಮೋಗ್ಲೋಬಿನ್ ತಿನ್ನುತ್ತದೆ. ಆಗ ಅದರಲ್ಲಿದ್ದ ಕಬ್ಬಿಣದ ಭಾಗ, ಅಂದರೆ ಹೀಮ್, ಬಿಡಿಯಾಗಿ ಉಳಿಯುತ್ತದೆ. ಬಿಡಿ ಹೀಮ್ ಪರಾವಲಂಬಿಗೇ ವಿಷ. ಅದಕ್ಕೇ ಹರಳುಗಟ್ಟಿಸಿ ಮೂಲೆಗಿಡುತ್ತದೆ. ಕ್ಲೋರೋಕ್ವಿನ್ ಗುಳಿಗೆ ಕೆಡಿಸುವುದು ಈ ಹರಳುಗಟ್ಟುವ ಕೆಲಸವನ್ನೇ.

ಎಸೆಯುವಷ್ಟು ಹೀಮ್ ಕೈಯಲ್ಲಿರುವ ಜೀವಿಗೆ ಸ್ವಂತಕ್ಕೆ ಮತ್ತೆ ಹೀಮ್ ಯಾಕೆ? ಜೋಳ ತುಂಬಿದ ಹಗೇವಿನಲ್ಲಿ ಕೂತ ಇಲಿ ಹೊಲ ಬಿತ್ತಲು ಹೋದೀತೇ? ಆದರೆ 1992ರಲ್ಲಿ ನಮಿತಾ ಸುರೋಲಿಯಾ ಮತ್ತು ಪದ್ಮನಾಭನ್ ಪ್ರಕಟಿಸಿದ್ದು ಅದನ್ನೇ: ರಕ್ತಕಣದೊಳಗಿನ ಮಲೇರಿಯಾ ಜೀವಿ ಫಾಲ್ಸಿಪಾರಂ ತನ್ನ ಹೀಮನ್ನು ಮೊದಲಿನಿಂದ ತಾನೇ ಕಟ್ಟಿಕೊಳ್ಳುತ್ತದೆ. ಆ ಹಾದಿಯ ಒಂದು ಕಿಣ್ವಕ್ಕೆ ಸಕ್ಸಿನೈಲ್ ಅಸಿಟೋನ್‌ನಿಂದ ತಡೆಯೊಡ್ಡಿದಾಗ ಪರಾವಲಂಬಿ ಸತ್ತಿತು. 2000ದಲ್ಲಿ ಇನ್ನೂ ಸೋಜಿಗದ ಸಂಗತಿ ಹೊರಬಂತು. ಪಿ.ಎನ್. ರಂಗರಾಜನ್ ಅವರೂ ಇದ್ದ ಈ ಬಳಗ, ಪರಾವಲಂಬಿ ಅದೇ ಕಿಣ್ವವನ್ನು ನಮ್ಮ ರಕ್ತಕಣದಿಂದಲೂ ಒಳಗೆಳೆದುಕೊಳ್ಳುತ್ತದೆ ಎಂದು ತೋರಿಸಿತು. ಕಳವಿನ ಮಾಲಲ್ಲದೆ ಕಳವಿನ ಹತಾರವೂ! ಹೊಸ ಔಷಧಿಗೆ ಗುರಿ ಸಿಕ್ಕಿತು ಎಂದೇ ಆಗ ಬರೆದರು.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತೇನೋ, ಆದರೆ ಸತ್ಯ ಪೂರ್ತಿ ಆಗುತ್ತಿರಲಿಲ್ಲ. ವಿ. ಅರುಣ್ ನಾಗರಾಜ್ ಮತ್ತು ಸಂಗಡಿಗರು ಇಲಿಗೆ ತಗಲುವ ಮಲೇರಿಯಾ ಜೀವಿಯಲ್ಲಿ ಹೀಮ್ ಕಟ್ಟುವ ಜೀನ್‌ಗಳನ್ನೇ ಕಿತ್ತುಹಾಕಿದರು. ರಕ್ತದಲ್ಲಿ ಅದು ಸಾಯಲಿಲ್ಲ, ಆರಾಮಾಗಿ ಬೆಳೆಯಿತು. ರಕ್ತದಲ್ಲಿರುವಾಗ ಕದ್ದ ಹೀಮ್, ಕಟ್ಟಿದ ಹೀಮ್ ಎರಡೂ ಅದಕ್ಕೆ ಒದಗುತ್ತವೆ, ಒಂದಿಲ್ಲದಿದ್ದರೆ ಇನ್ನೊಂದು. ನಿಜವಾದ ಪೇಚು ಸೊಳ್ಳೆಯ ಹೊಟ್ಟೆಯಲ್ಲಿತ್ತು. ಸೊಳ್ಳೆಯೊಳಗೆ ಬೆಳೆಯುವ ಪರಾವಲಂಬಿಗೆ ಕೂತು ತಿನ್ನಲು ರಕ್ತಕಣದ ಮನೆಯಿಲ್ಲ. ಜೀನ್ ಕಳೆದುಕೊಂಡ ಜೀವಿಗಳು ಅಲ್ಲೇ ನಿಂತವು. ಸೊಳ್ಳೆ ಕಚ್ಚಿದಾಗ ಇಲಿಗೆ ದಾಟುವ ಸ್ಪೋರೋಝಾಯ್ಟ್‌ಗಳಾಗಲೇ ಇಲ್ಲ. ಒಂದು ಗುಂಪಿನಲ್ಲಿ ಕಿತ್ತಿದ್ದು ಈ ಹಾದಿಯ ಮೊದಲ ಕಿಣ್ವದ ಜೀನ್. ಆ ಕಿಣ್ವ ಮಾಡಿಕೊಡಬೇಕಿದ್ದ ವಸ್ತುವನ್ನು ಸೊಳ್ಳೆಗೆ ಹೊರಗಿಂದ ಕೊಟ್ಟಾಗ ಜೀವಿ ಮತ್ತೆ ಬೆಳೆಯಿತು. ಇಲಿಯ ಯಕೃತ್ತಿನಲ್ಲೂ ಅದೇ ಕತೆ: ಕೊಟ್ಟರೆ ಸೋಂಕು, ಕೊಡದಿದ್ದರೆ ಇಲ್ಲ. ಇದು ಪ್ರಕಟವಾದದ್ದು 2013ರಲ್ಲಿ, ಪ್ರಬಂಧದಲ್ಲಿ ಪದ್ಮನಾಭನ್ ಅವರ ಹೆಸರೂ ಇತ್ತು. ನನ್ನ ಮಟ್ಟಿಗೆ 1992ಕ್ಕಿಂತ ಇದೇ ದೊಡ್ಡ ಕೆಲಸ. ತಾವೇ ತೋರಿದ ಗುರಿಯ ಜಾಗ ಬೇರೆ ಎಂದು ಅದೇ ಬಳಗ ಒರೆಗೆ ಹಚ್ಚಿ ಹೇಳಿತು.

ಆ ಎಳೆ ಇನ್ನೂ ಹರಿದಿಲ್ಲ. ಭುವನೇಶ್ವರದ ಜೀವವಿಜ್ಞಾನ ಸಂಸ್ಥೆಯಲ್ಲಿ ನಾಗರಾಜ್ ಅವರ ತಂಡ 2022ರಲ್ಲಿ ಮತ್ತೊಂದು ಫಲಿತಾಂಶ ಕೊಟ್ಟಿತು: ಪರಾವಲಂಬಿ ಕಟ್ಟುವ ಹೀಮ್ ಮಿದುಳಿನ ಮಲೇರಿಯಾವನ್ನು ಉಲ್ಬಣಿಸುತ್ತದೆ, ಗಜಕರ್ಣಕ್ಕೆ ಕೊಡುವ ಹಳೆಯ ಗುಳಿಗೆ ಗ್ರೈಸಿಯೋಫುಲ್ವಿನ್ ಇಲಿಗಳನ್ನು ಅದರಿಂದ ಕಾಪಾಡುತ್ತದೆ.

ಇಲಿಗಳನ್ನು, ಮನುಷ್ಯರನ್ನಲ್ಲ. ಹಾಗಾಗಿ ಔಷಧಿ ಅಂಗಡಿಗೆ ಓಡಬೇಡಿ. ಚಳಿಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತೋರಿಸಿ. ಅದು ವೈವ್ಯಾಕ್ಸ್ ಬಗೆಯ ಮಲೇರಿಯಾ ಎಂದಾಗಿ ವೈದ್ಯರು 14 ದಿನದ ಪ್ರಿಮಾಕ್ವಿನ್ ಬರೆದರೆ, ಜ್ವರ ಇಳಿಯಿತೆಂದು ನಡುವೆ ಬಿಡದೆ ಅಷ್ಟೂ ದಿನ ನುಂಗಿ.